ಮನೆಯ ಕೋಣೆಗಳೂ ಗೋಡೆಯ ಬಣ್ಣವೂ: ಒಂದು ಚಾರಿತ್ರಿಕ ವಿವೇಚನೆ

ಕಳೆದ ಬೇಸಗೆಯಲ್ಲಿ ವೀರಗಲ್ಲೊಂದರ ಪಡಿಯಚ್ಚನ್ನು ತೆಗೆಯುವುದಕ್ಕಾಗಿ ತುಮಕೂರು ಜಿಲ್ಲೆಯ ಒಂದು ಹಳ್ಳಿಗೆ ನಾವು ಹೋಗಿದ್ದೆವು. ಕೆಲಸ ಮುಗಿದ ಮೇಲೆ ಬಿಸಿಲು ಇಳಿಯುವವರೆಗೆ ವಿಶ್ರಮಿಸಲು ಊರಿನ ಹಿರಿಯರೊಬ್ಬರು ತಮ್ಮ ಮನೆಗೆ ಕರೆದೊಯ್ದರು. ಅದು ನೂರು ವರ್ಷಕ್ಕೂ ಹಿಂದಿನ ತೊಟ್ಟಿಮನೆ. ಮೊಮ್ಮಗಳ ಮದುವೆ ನಿಶ್ಚಯವಾಗಿದ್ದುದರಿಂದ ಮನೆಗೆ ಬಣ್ಣ ಹೊಡೆಸುವ ಏರ್ಪಾಡು ನಡೆದಿತ್ತು. ಪೇಟೆಯಿಂದ ತಂದಿದ್ದ ಶೇಡ್ ಕಾರ್ಡನ್ನು ನಮ್ಮ ಮುಂದಿರಿಸಿ ಆ ಹಿರಿಯರು, “ಮೇಷ್ಟ್ರೇ, ನೀವು ಓದಿದವರು. ಪಡಸಾಲೆಗೆ ಯಾವುದು, ಅಡಿಗೆಮನೆಗೆ ಯಾವುದು, ದೇವರಮನೆಗೆ ಯಾವುದು, ಒಂದೊಂದಾಗಿ ಹೇಳಿಬಿಡಿ. ಇದರಲ್ಲಿ ಎಷ್ಟು ಬಣ್ಣ ಅಂತೀರಿ, ನನಗೆ ತಲೆ ತಿರುಗುತ್ತೆ” ಎಂದರು. ಲಿಪಿಯನ್ನು ನೋಡಿ ಕಲ್ಲಿನ ಕಾಲವನ್ನು ಹೇಳಬಲ್ಲೆವೆಂಬ ಹೆಮ್ಮೆಯಲ್ಲಿದ್ದ ನಮಗೆ ಈ ಪ್ರಶ್ನೆಗೆ ಉತ್ತರ ತೋಚಲಿಲ್ಲ. ನಮ್ಮಷ್ಟಕ್ಕೆ ನಾವು ಹಿಡಿದ ಬಣ್ಣಗಳೆರಡನ್ನು ತೋರಿಸಿ ಎದ್ದುಬಂದೆವು.

ಬಂದ ಮೇಲೆ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಆ ಹಿರಿಯರ ಅಜ್ಜನಿಗೆ ಇಂಥ ಸಂಶಯ ಬಂದಿರಲಾರದು. ಅವನ ಕಾಲದಲ್ಲಿ ಯಾವ ಕೋಣೆಗೆ ಯಾವ ಬಣ್ಣವೆಂಬುದು ಬಹುಮಟ್ಟಿಗೆ ತಾನಾಗಿಯೇ ಗೊತ್ತಾಗುತ್ತಿದ್ದಿತು. ಅದನ್ನು ಗೊತ್ತುಮಾಡುತ್ತಿದ್ದುದು ಯಾವುದು? ಇಂದು ಅದು ಇಲ್ಲವಾದುದರಿಂದ ನಮಗೆ ಲಭಿಸಿದ ಸ್ವಾತಂತ್ರ್ಯವೇನು, ಬಂದೊದಗಿದ ಹೊಣೆಯೇನು? ಈ ಎರಡು ಪ್ರಶ್ನೆಗಳನ್ನು ಪ್ರಸ್ತುತ ಲೇಖನದಲ್ಲಿ ಸ್ಥೂಲವಾಗಿ ವಿವೇಚಿಸಲು ಯತ್ನಿಸಿದ್ದೇವೆ.

೧

ಮೊದಲು ಗ್ರಂಥಗಳ ಮಾತು. ವಿಷ್ಣುಧರ್ಮೋತ್ತರ ಪುರಾಣದ ಮೂರನೆಯ ಖಂಡದಲ್ಲಿರುವ ಚಿತ್ರಸೂತ್ರವು ಗೋಡೆಯ ಚಿತ್ರಗಳನ್ನು ಕುರಿತು ಒಂದು ವ್ಯವಸ್ಥೆಯನ್ನು ಹೇಳುತ್ತದೆ. ಜನರು ವಾಸಿಸುವ ಮನೆಗಳಲ್ಲಿ ಶೃಂಗಾರ, ಹಾಸ್ಯ, ಶಾಂತ ಈ ಮೂರು ರಸಗಳ ಚಿತ್ರಗಳು ಮಾತ್ರ ಇರತಕ್ಕದ್ದು. ಉಳಿದ ರಸಗಳು ದೇವಾಲಯಕ್ಕೂ ರಾಜಸಭೆಗೂ ಸಲ್ಲತಕ್ಕವು. ಇಲ್ಲಿ ಹೇಳಿರುವುದು ಚಿತ್ರವನ್ನು ಕುರಿತೇ ಹೊರತು ಬರಿಯ ಬಣ್ಣವನ್ನು ಕುರಿತಲ್ಲ. ಆದರೂ ಗೋಡೆಯ ಮೇಲೇನಿರಬೇಕೆಂಬುದನ್ನು ಆ ಸ್ಥಳದಲ್ಲಿ ನಡೆಯುವ ಬಾಳು ನಿರ್ಣಯಿಸಬೇಕೆಂಬ ತತ್ತ್ವ ಸ್ಪಷ್ಟವಾಗಿದೆ.

ಎರಡನೆಯದು ನಮ್ಮ ನಾಡಿನದೇ ಆದ ಗ್ರಂಥ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದ ಚಿತ್ರಪ್ರಕರಣವು ಬಣ್ಣದ ಮಾತಿಗೆ ಮುನ್ನ ಗೋಡೆಯ ಮಾತನ್ನೆತ್ತುತ್ತದೆ. ಗೋಡೆಯನ್ನು ಸುಣ್ಣದಿಂದ ನುಣುಪುಮಾಡಬೇಕು, ಎಮ್ಮೆಯ ತೊಗಲನ್ನು ಕುದಿಸಿ ತೆಗೆದ ವಜ್ರಲೇಪವೆಂಬ ಅಂಟಿನೊಡನೆ ಬಿಳಿಮಣ್ಣನ್ನು ಬೆರಸಿ ಬಳಿಯಬೇಕು, ಆಮೇಲೆ ಬಣ್ಣ. ಶುದ್ಧವರ್ಣಗಳೆಂದು ಅದು ಹೇಳುವವು ಶಂಖದ ಬಿಳಿ, ಇಂಗಲೀಕದ ಕೆಂಪು, ಅರಗಿನ ಕೆಂಪು, ಕಾವಿಕಲ್ಲಿನ ಕೆಂಪು, ಹರಿದಳದ ಹಳದಿ, ಕಾಡಿಗೆಯ ಕಪ್ಪು. ಈ ಪಟ್ಟಿಯಲ್ಲಿ ಪ್ರತಿಯೊಂದು ಬಣ್ಣವೂ ಒಂದು ವಸ್ತು. ಕೆಂಪೆಂಬ ಹೆಸರಿನ ಒಂದು ಬಣ್ಣ ಅವರಿಗಿರಲಿಲ್ಲ. ಮೂರು ವಸ್ತುಗಳ ಮೂರು ಕೆಂಪುಗಳಿದ್ದವು. ಬಣ್ಣವನ್ನು ವಸ್ತುವಾಗಿ ಕಾಣುವ ಈ ದೃಷ್ಟಿಯನ್ನು ಮುಂದಿನ ವಿವೇಚನೆಗೆ ಆಧಾರವಾಗಿ ಇರಿಸಿಕೊಳ್ಳೋಣ.

೨

ಅರಮನೆಯ ಚಿತ್ರಶಾಲೆಯಿಂದ ಸಾಮಾನ್ಯರ ಮನೆಗೆ ಬಂದರೆ ಅಲ್ಲಿ ಒಡೆತನವೆಲ್ಲ ಸುಣ್ಣದ್ದು. ಸುಣ್ಣಕಲ್ಲನ್ನು, ಕರಾವಳಿಯಲ್ಲಾದರೆ ಚಿಪ್ಪನ್ನು, ಗೂಡಿನಲ್ಲಿ ಸುಟ್ಟಾಗ ಅದರಲ್ಲಿರುವ ಇಂಗಾಲಾಮ್ಲವಾಯು ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರೆರೆದರೆ ಕುದಿದು ಅರಳುತ್ತದೆ. ಅರಳಿದ ಸುಣ್ಣವನ್ನು ಗೋಡೆಗೆ ಬಳಿದಾಗ ಅದು ಗಾಳಿಯಿಂದ ಅದೇ ವಾಯುವನ್ನು ಮರಳಿ ಹೀರಿಕೊಂಡು ಪುನಃ ಕಲ್ಲಾಗುತ್ತದೆ. ಸುಣ್ಣ ಬಳಿದ ಗೋಡೆಯೆಂದರೆ ಕೂದಲೆಳೆಯಷ್ಟು ತೆಳುವಾದ ಕಲ್ಲಿನ ಹೊದಿಕೆಯನ್ನು ಹೊದ್ದ ಗೋಡೆ. ಈ ಹೊದಿಕೆಯಲ್ಲಿ ಸೂಕ್ಷ್ಮ ರಂಧ್ರಗಳಿರುವುದರಿಂದ ನೆಲದಿಂದೇರಿದ ತೇವ ಅದರ ಮೂಲಕ ಆರಿಹೋಗುತ್ತದೆ.

ಹಸಿ ಸುಣ್ಣ ಬಹಳ ತೀಕ್ಷ್ಣವಾದ ಕ್ಷಾರ. ಕ್ರಿಮಿಗಳು ಅದರಲ್ಲಿ ಉಳಿಯಲಾರವು. ೧೮೯೬ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡು ೧೮೯೮ರಲ್ಲಿ ಬೆಂಗಳೂರನ್ನು ಹೊಕ್ಕ ಪ್ಲೇಗಿನ ಕಾಲದಲ್ಲಿ ಮನೆಗಳಿಗೆ ಸುಣ್ಣ ಬಳಿಸುವುದು ರೋಗನಿವಾರಣೆಯ ಕ್ರಮಗಳಲ್ಲೊಂದಾಗಿತ್ತು. ಕ್ರಿಮಿಗಳಂತೆಯೇ ಬಹುಪಾಲು ಬಣ್ಣಗಳೂ ಈ ಕ್ಷಾರದಲ್ಲಿ ಬಾಳಲಾರವು. ಇದಕ್ಕೆ ಪ್ರಯೋಗಶಾಲೆಯ ನಿದರ್ಶನ ಬೇಕಿಲ್ಲ. ಆರತಿಯ ತಟ್ಟೆಯಲ್ಲಿ ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದೊಡನೆ ಅದು ಕೆಂಪಾಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಪ್ರತಿ ಮನೆಯಲ್ಲಿಯೂ ಅರಿಸಿನವಿದ್ದ ನಾಡಿನಲ್ಲಿ ಅರಿಸಿನದಿಂದ ಹಳದಿಯಾದ ಸುಣ್ಣದ ಗೋಡೆ ಇಲ್ಲದಿರಲು ಇದೇ ಕಾರಣ. ಯುರೋಪಿನಲ್ಲಿ ಹದಿನೆಂಟನೆಯ ಶತಮಾನದ ಆರಂಭದಲ್ಲಿ ಬರ್ಲಿನ್ ನಗರದಲ್ಲಿ ಸಿದ್ಧವಾದ ಪ್ರಷ್ಯನ್ ನೀಲಿಗೂ ಇದೇ ಗತಿ. ಸುಣ್ಣದಲ್ಲಿ ಬೆರಸಿದರೆ ನೀಲಿ ಅಳಿದು ತುಕ್ಕಿನ ಕಂದು ಉಳಿಯುತ್ತದೆ.

ಸುಣ್ಣದೊಡನೆ ಬಾಳಬಲ್ಲವು ಮುಖ್ಯವಾಗಿ ಮಣ್ಣಿನ ಬಣ್ಣಗಳು. ಕೆಮ್ಮಣ್ಣಿನ ಕೆಂಪು ಕಬ್ಬಿಣದ ಆಕ್ಸೈಡಿನಿಂದ ಬಂದದ್ದು. ಅದು ಆಗಲೇ ಪೂರ್ಣವಾಗಿ ತುಕ್ಕುಹಿಡಿದ ಕಬ್ಬಿಣವಾದುದರಿಂದ ಗಾಳಿಯಾಗಲಿ ಬಿಸಿಲಾಗಲಿ ಕ್ಷಾರವಾಗಲಿ ಅದನ್ನು ಕೆಡಿಸಲಾರವು. ಹಳದಿ ಮಣ್ಣೂ ಕಬ್ಬಿಣದ್ದೇ; ಅದನ್ನು ಸುಟ್ಟರೆ ಕೆಂಪಾಗುತ್ತದೆ. ‘ಸುಣ್ಣ ಕಾರಣೆ’ ಎಂದು ನಮ್ಮ ಆಡುಮಾತಿನಲ್ಲಿ ಜೋಡಿಯಾಗಿ ನಿಂತ ಪದಗಳು ಈ ಸತ್ಯದ ಸಾಕ್ಷಿಗಳು. ಬಿಳಿಯ ಗೋಡೆ, ಅದರ ಬುಡದಲ್ಲಿ ಕೆಮ್ಮಣ್ಣಿನ ಪಟ್ಟೆ: ದೇವಸ್ಥಾನದ ಪ್ರಾಕಾರದಿಂದ ಹಿಡಿದು ಬಡವನ ಗುಡಿಸಲಿನವರೆಗೆ ಇದೇ ಕ್ರಮ. ಉತ್ತರ ಕನ್ನಡ, ಗೋವೆ ಮುಂತಾದ ಕರಾವಳಿಯ ಪ್ರದೇಶಗಳಲ್ಲಿ ಈ ಎರಡೇ ಬಣ್ಣಗಳಿಂದ ಕಾವಿ ಕಲೆ ಎಂಬ ವಿಶಿಷ್ಟ ಭಿತ್ತಿಚಿತ್ರಕಲೆ ಬೆಳೆಯಿತು. ಬಿಳಿಯ ಗಾರೆಯ ಮೇಲೆ ಕೆಂಪು ಗಾರೆಯ ಪದರವನ್ನು ಬಳಿದು, ಅದು ಹಸಿಯಾಗಿರುವಾಗಲೇ ಮೊನೆಯಿಂದ ಕೆತ್ತಿ, ಕೆಳಗಿನ ಬಿಳಿಯನ್ನು ರೇಖೆಯಾಗಿ ಹೊರತರುವುದು ಅದರ ವಿಧಾನ. ಎರಡೇ ಬಣ್ಣಗಳ ಬಡತನವೆಂದು ತೋರುವಲ್ಲಿ ಕುಶಲಿಗಳು ಕಂಡ ಸಿರಿ ಅದು.

೩

ಹೀಗೆ ವಸ್ತುವು ಬಣ್ಣಗಳನ್ನು ಬೆರಳೆಣಿಕೆಗೆ ಇಳಿಸಿದ ಮೇಲೆ, ಯಾವ ಕೋಣೆಗೆ ಯಾವುದೆಂಬುದನ್ನು ಅಲ್ಲಿನ ಬೆಳಕೂ ಕೆಲಸವೂ ನಿರ್ಣಯಿಸುತ್ತಿದ್ದವು. ಗೋಡೆಯ ಬುಡದ ಕಾರಣೆ ಶೃಂಗಾರವಾಗಿದ್ದಂತೆ ರಕ್ಷಣೆಯೂ ಆಗಿತ್ತು: ಜಗಲಿಯಲ್ಲಿ ಮಳೆಯ ಸಿಡಿತ, ಪಡಸಾಲೆಯಲ್ಲಿ ಒರಗಿ ಕೂರುವವರ ಬೆನ್ನಿನ ಎಣ್ಣೆಜಿಡ್ಡು, ಮಕ್ಕಳ ಕೈಯ ಮಣ್ಣು ಇವೆಲ್ಲ ಕೆಂಪಿನಲ್ಲಿ ಅಡಗುತ್ತಿದ್ದವು. ಅದರ ಮೇಲಿನ ಬಿಳಿ ತೊಟ್ಟಿಯಿಂದ ಬಂದ ಬೆಳಕನ್ನು ಒಳಗೋಡೆಗಳಿಗೆ ದಾಟಿಸುತ್ತಿದ್ದಿತು. ಕಿಟಕಿಗಳು ಚಿಕ್ಕವಾಗಿದ್ದ ನಡುಮನೆಗೆ ಬೆಳಕನ್ನು ಒಯ್ಯುತ್ತಿದ್ದುದು ಈ ಬಿಳಿಯೇ.

ಅಡಿಗೆಮನೆಯ ಸ್ಥಿತಿ ಬೇರೆ. ಸೌದೆಯ ಒಲೆಯ ಹೊಗೆಯಿಂದ ತೊಲೆಗಳಿಗೆ ಇಲ್ಲಣ ಕಟ್ಟುತ್ತಿದ್ದ ಆ ಕೋಣೆಯಲ್ಲಿ ಯಾವ ಬಣ್ಣವೂ ವರ್ಷದೊಳಗೆ ಕಪ್ಪಾಗುವುದು ನಿಶ್ಚಯ. ಅಲ್ಲಿ ಬೇಕಾಗಿದ್ದುದು ಬಾಳುವ ಬಣ್ಣವಲ್ಲ, ಅಗ್ಗವಾಗಿ ಮತ್ತೆ ಮತ್ತೆ ಬಳಿಯಬಹುದಾದ ಬಣ್ಣ. ಹಬ್ಬಕ್ಕೊಮ್ಮೆ ಸುಣ್ಣ ಬಳಿಯುವ ವಾಡಿಕೆಯ ಹಿಂದೆ ಈ ಲೆಕ್ಕಾಚಾರವಿತ್ತು. ದೇವರಮನೆಗೆ ಹಗಲ ಬೆಳಕು ಅಪರೂಪ. ಅಲ್ಲಿಯದು ಎಣ್ಣೆದೀಪದ ಬೆಳಕು. ಆ ಬೆಳಕಿನಲ್ಲಿ ಹಳದಿ ಕೆಂಪುಗಳ ಅಂಶ ಹೆಚ್ಚು, ನೀಲಿಯ ಅಂಶ ಬಹು ಕಡಿಮೆ. ಕೆಂಪು ಹಳದಿಗಳು ಅದರಲ್ಲಿ ಜೀವ ತಳೆಯುತ್ತವೆ, ನೀಲಿ ಮಂಕಾಗುತ್ತದೆ. ಬಿಳಿ, ಕೆಂಪು, ಅರಿಸಿನ ಕುಂಕುಮಗಳಿಂದ ಕೂಡಿದ ದೇವರಮನೆ ದೀಪದಲ್ಲಿ ಏಕೆ ಬೆಳಗುತ್ತಿದ್ದಿತೆಂಬುದಕ್ಕೆ ಶ್ರದ್ಧೆಯ ಜೊತೆಗೆ ಈ ಕಾರಣವೂ ಉಂಟು.

೪

ಈ ವ್ಯವಸ್ಥೆಯನ್ನು ಹತ್ತೊಂಬತ್ತನೆಯ ಶತಮಾನದ ರಸಾಯನಶಾಸ್ತ್ರ ಕದಲಿಸಿತು. ಅಲ್ಲಿಯವರೆಗೆ ಬದಕ್ಷಾನದ ವೈಡೂರ್ಯಶಿಲೆಯನ್ನು ಅರೆದು ತೆಗೆಯಬೇಕಾಗಿದ್ದ ಅಲ್ಟ್ರಮರೀನ್ ನೀಲಿಯನ್ನು ಕೃತಕವಾಗಿ ಮಾಡಿದವರಿಗೆ ೬೦೦೦ ಫ್ರಾಂಕುಗಳ ಬಹುಮಾನವನ್ನು ಫ್ರಾನ್ಸಿನಲ್ಲಿ ೧೮೨೪ರಲ್ಲಿ ಘೋಷಿಸಲಾಯಿತು. ಜಾನ್ ಬ್ಯಾಪ್ಟಿಸ್ಟ್ ಗಿಮೆ ಎಂಬಾತ ೧೮೨೮ರಲ್ಲಿ ಅದನ್ನು ಪಡೆದನು. ಅದೇ ವರ್ಷ ಜರ್ಮನಿಯ ಗ್ಮೆಲಿನ್ ತನ್ನ ವಿಧಾನವನ್ನು ಪ್ರಕಟಿಸಿದನು. ರಾಜರ ನೀಲಿ ಹೀಗೆ ಅಗಸರ ನೀಲಿಯಾಯಿತು. ಈ ನೀಲಿ ಸುಣ್ಣದ ಕ್ಷಾರವನ್ನು ತಡೆಯಬಲ್ಲುದು. ಬಟ್ಟೆಯ ಹಳದಿ ಛಾಯೆಯನ್ನು ಕಳೆಯಲು ಹಾಕುವ ನೀಲಿಯನ್ನೇ ಸುಣ್ಣಕ್ಕೂ ಚಿಟಿಕೆಯಷ್ಟು ಸೇರಿಸಿ ಬಿಳಿಯನ್ನು ಇನ್ನಷ್ಟು ಬಿಳಿಯಾಗಿ ತೋರಿಸುವುದು, ಚಿಟಿಕೆಯ ಬದಲು ಹಿಡಿಯಷ್ಟು ಹಾಕಿ ಇಡೀ ಗೋಡೆಯನ್ನೇ ನೀಲಿಯಾಗಿಸುವುದು ಇವೆರಡೂ ನಮ್ಮ ಊರುಗಳಲ್ಲಿ ಬಳಕೆಗೆ ಬಂದವು.

ಎಲ್ಲ ಹೊಸ ಬಣ್ಣಗಳೂ ಹೀಗೆ ನಿರಪಾಯವಾಗಿರಲಿಲ್ಲ. ಷೀಲೆ ಎಂಬ ರಸಾಯನವಿಜ್ಞಾನಿ ೧೭೭೫ರಲ್ಲಿ ಕಂಡುಹಿಡಿದ ಹಸಿರಿನಲ್ಲಿ ಪಾಷಾಣವಿದ್ದಿತು; ಅದು ಯುರೋಪಿನ ಮಲಗುವ ಕೋಣೆಗಳ ಗೋಡೆಕಾಗದವನ್ನು ಸೇರಿ ಅನೇಕರ ಆರೋಗ್ಯವನ್ನು ಕೆಡಿಸಿತು. ನಮಗೆ ಹೆಚ್ಚು ಸಂಬಂಧಪಟ್ಟದ್ದು ಸೀಸ. ಮರದ ಬಾಗಿಲು ಕಿಟಕಿಗಳಿಗೆ ಹಚ್ಚುವ ಎಣ್ಣೆಬಣ್ಣದಲ್ಲಿ ಬಿಳಿಗೆ ಸೀಸದ ಸಫೇತ, ಹಳದಿಗೆ ಸೀಸದ ಕ್ರೋಮೇಟು ಬಳಕೆಯಲ್ಲಿದ್ದವು. ಈ ಕ್ರೋಮ್ ಹಳದಿಯನ್ನು ಪ್ರಷ್ಯನ್ ನೀಲಿಯೊಡನೆ ಬೆರಸಿದರೆ ಬರುವುದು ಕ್ರೋಮ್ ಹಸಿರು. ಆಸ್ಟ್ರೇಲಿಯದ ಬ್ರಿಸ್ಬೇನ್ ನಗರದ ಕಣ್ಣಿನ ವೈದ್ಯ ಲಾಕ್‌ಹಾರ್ಟ್ ಗಿಬ್ಸನ್ ಅಲ್ಲಿಯ ಮಕ್ಕಳ ಸೀಸವಿಷಕ್ಕೆ ಮೊಗಸಾಲೆಯ ಕಟಕಟೆಗೂ ಕೋಣೆಯ ಗೋಡೆಗೂ ಹಚ್ಚಿದ ಬಣ್ಣವೇ ಮೂಲವೆಂದು ೧೯೦೪ರಲ್ಲಿಯೇ ಬರೆದನು. ಒಳಗೋಡೆಗಳಿಗೆ ಸೀಸದ ಬಿಳಿಯನ್ನು ನಿಷೇಧಿಸುವ ಒಪ್ಪಂದವನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ೧೯೨೧ರಲ್ಲಿ ಅಂಗೀಕರಿಸಿತು. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣಗಳಲ್ಲಿನ ಸೀಸವನ್ನು ಹತ್ತು ಲಕ್ಷ ಭಾಗಗಳಲ್ಲಿ ೯೦ ಭಾಗಕ್ಕೆ ಮಿತಿಗೊಳಿಸುವ ನಿಯಮಗಳು ೨೦೧೬ರಲ್ಲಿ ಹೊರಬಂದು, ೨೦೧೭ರ ನವೆಂಬರ್ ೧ರಿಂದ ಜಾರಿಗೆ ಬಂದವು. ಅರಿವಿಗೂ ಆಜ್ಞೆಗೂ ನಡುವೆ ನೂರಕ್ಕೂ ಹೆಚ್ಚು ವರ್ಷಗಳು ಸಂದುವು.

ಅಷ್ಟರಲ್ಲಿ ಬಣ್ಣದ ಉದ್ಯಮ ನಮ್ಮಲ್ಲಿಯೂ ಬೇರುಬಿಟ್ಟಿತ್ತು. ಹೌರಾದಲ್ಲಿ ೧೯೦೨ರಲ್ಲಿ ದೊಡ್ಡ ಪ್ರಮಾಣದ ಕಾರ್ಖಾನೆ ಸ್ಥಾಪಿತವಾಯಿತು. ಮಾನಸೋಲ್ಲಾಸದ ಪಟ್ಟಿಯಲ್ಲಿದ್ದ ಅರಗನ್ನು ನೆನಪಿಗೆ ತರುವಂತೆ ಮೈಸೂರಿನಲ್ಲಿ ೧೯೩೭ರಲ್ಲಿ ಮೈಸೂರು ಅರಗು ಮತ್ತು ಬಣ್ಣದ ಕಾರ್ಖಾನೆ ಆರಂಭವಾಯಿತು. ಸೀಸದ ಬಿಳಿಯ ಸ್ಥಾನವನ್ನು ಟೈಟಾನಿಯಂ ಬಿಳಿ ಆಕ್ರಮಿಸಿಕೊಂಡಿತು. ಸುಣ್ಣದ ಬದಲು ಅಂಟನ್ನು ಆಧರಿಸಿದ ಡಿಸ್ಟೆಂಪರೂ ಆಮೇಲೆ ಪ್ಲಾಸ್ಟಿಕ್ ಎಮಲ್ಷನ್ನೂ ಬಂದವು. ಇವಕ್ಕೆ ಕ್ಷಾರದ ಅಂಕೆಯಿಲ್ಲವಾದುದರಿಂದ ಯಾವ ಬಣ್ಣವನ್ನು ಬೇಕಾದರೂ ಬೆರಸಬಹುದಾಯಿತು. ಹಿರಿಯರ ತಲೆ ತಿರುಗಿಸಿದ ಶೇಡ್ ಕಾರ್ಡು ಹುಟ್ಟಿದ್ದು ಹೀಗೆ.

೫

ಸುಣ್ಣದ ಅಂಕೆ ತಪ್ಪಿದರೂ ಬೆಳಕು, ಕೆಲಸ, ಗೋಡೆ ಎಂಬ ಮೂರು ಪ್ರಶ್ನೆಗಳು ಹಾಗೆಯೇ ಉಳಿದಿವೆ. ಆಯ್ಕೆಮಾಡುವವರು ಇವನ್ನು ಇದೇ ಕ್ರಮದಲ್ಲಿ ಕೇಳಿಕೊಳ್ಳುವುದು ಉಚಿತ.

ಮೊದಲನೆಯದು ಬೆಳಕು. ಹೊಸ ಬಿಳಿಯ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು ೮೦ ಪಾಲನ್ನು ಹಿಂದಿರುಗಿಸುತ್ತದೆ. ಗಾಢ ಕೆಂಪು ಅಥವಾ ಗಾಢ ನೀಲಿ ಸುಮಾರು ೧೫ ಪಾಲನ್ನು ಹಿಂದಿರುಗಿಸೀತು. ಬೆಳಕು ಒಂದು ಗೋಡೆಯಿಂದ ಇನ್ನೊಂದಕ್ಕೆ ಹೊರಳಿದಾಗ ಬಿಳಿಯ ಕೋಣೆಯಲ್ಲಿ ೬೪ ಪಾಲು ಉಳಿದರೆ ಗಾಢವರ್ಣದ ಕೋಣೆಯಲ್ಲಿ ಉಳಿಯುವುದು ಎರಡು ಪಾಲು ಮಾತ್ರ. ಒಂದೇ ಕಿಟಕಿಯಿರುವ ಕೋಣೆಗೆ ಗಾಢವರ್ಣ ಏಕೆ ಸಲ್ಲದೆಂಬುದು ಇದರಿಂದ ವಿಶದವಾಗುತ್ತದೆ. ಉತ್ತರದ ಕೋಣೆಗೆ ಬೆಚ್ಚನೆಯ ಬಣ್ಣ, ದಕ್ಷಿಣದ ಕೋಣೆಗೆ ತಂಪಾದ ಬಣ್ಣ ಎಂದು ಇಂಗ್ಲಿಷ್ ಪುಸ್ತಕಗಳು ಹೇಳುವ ಸೂತ್ರವನ್ನು ನಾವು ಹಾಗೆಯೇ ಒಪ್ಪಲಾಗದು. ಅದು ಸೂರ್ಯನು ಸದಾ ದಕ್ಷಿಣದಲ್ಲಿಯೇ ಇರುವ ದೇಶಗಳ ಸೂತ್ರ. ಬೆಂಗಳೂರು ಮೈಸೂರುಗಳಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲಿನ ಸೂರ್ಯನು ಉತ್ತರಕ್ಕಿರುತ್ತಾನೆ. ನಮ್ಮಲ್ಲಿ ಕಾಡುವುದು ಪಡುವಣ ಬಿಸಿಲು. ಪಶ್ಚಿಮದ ಕೋಣೆಗೆ ಸಂಜೆಯ ಕೆಂಬೆಳಕು ತಾನಾಗಿಯೇ ಬರುವುದರಿಂದ ಅಲ್ಲಿ ಕಿತ್ತಳೆ ಕೆಂಪುಗಳನ್ನು ಬಿಟ್ಟು ಬಿಳಿಯನ್ನೋ ತಿಳಿ ಹಸಿರನ್ನೋ ಆರಿಸುವುದು ಮೇಲು. ಹೊರಗೋಡೆ ಬಿಳಿಯಾಗಿದ್ದರೆ ಒಳಗಿನ ಸೆಕೆಯೂ ತಗ್ಗುತ್ತದೆ.

ಎರಡನೆಯದು ಕೆಲಸ. ಗ್ಯಾಸಿನ ಒಲೆ ಬಂದ ಅಡಿಗೆಮನೆಯಲ್ಲಿ ಹೊಗೆಯಿಲ್ಲದಿದ್ದರೂ ಒಗ್ಗರಣೆಯ ಜಿಡ್ಡು ಇದ್ದೇ ಇದೆ. ಅಲ್ಲಿಗೆ ತೊಳೆಯಬಹುದಾದ ತಿಳಿಬಣ್ಣ ಬೇಕು, ಕಾಳಿನಲ್ಲಿ ಕಲ್ಲು ಕಾಣಬೇಕಾದರೆ ಬೆಳಕು ಬೇಕು. ಓದುವ ಕೋಣೆಯಲ್ಲಿ ಪುಸ್ತಕದ ಹಾಳೆಗೂ ಎದುರು ಗೋಡೆಗೂ ಬೆಳಕಿನ ಅಂತರ ಅತಿಯಾದರೆ ಕಣ್ಣು ದಣಿಯುತ್ತದೆ; ಕೆನೆಬಣ್ಣ ಅಲ್ಲಿಗೆ ಹಿತ. ಮಲಗುವ ಕೋಣೆಯನ್ನು ನಾವು ಹೆಚ್ಚಾಗಿ ಕಾಣುವುದು ಮಬ್ಬು ಬೆಳಕಿನಲ್ಲಿ. ಬೆಳಕು ಕುಗ್ಗಿದಂತೆ ಕೆಂಪು ಬೇಗ ಕಪ್ಪಾಗಿ ನೀಲಿ ಹೆಚ್ಚು ಹೊತ್ತು ಉಳಿಯುತ್ತದೆಂಬುದನ್ನು ಪುರ್ಕಿನ್ಯೆ ಎಂಬ ವಿಜ್ಞಾನಿ ೧೮೨೫ರಲ್ಲಿ ಗುರುತಿಸಿದನು. ಹಗಲು ಒಪ್ಪಿದ ಕೆಂಗೋಡೆ ನಸುಕಿನಲ್ಲಿ ಮಸಿಯಂತೆ ಕಂಡರೆ ಅದು ಬಣ್ಣದವನ ತಪ್ಪಲ್ಲ. ಪಡಸಾಲೆಗೆ ಕೆಂಪು ಗಾರೆಯ ನೆಲವಿದ್ದಲ್ಲಿ ಅದರ ಛಾಯೆ ಗೋಡೆಗೂ ಹಾಯುತ್ತದೆಂಬುದನ್ನು ಮರೆಯಬಾರದು. ಆದುದರಿಂದ ಕಾರ್ಡಿನ ಚೌಕವನ್ನು ನಂಬದೆ, ಗೋಡೆಯ ಮೇಲೆಯೇ ಮೊಳದಗಲ ಬಳಿಸಿ, ಬೆಳಗ್ಗೆ, ನಡುಹಗಲು, ದೀಪ ಹಚ್ಚಿದ ಮೇಲೆ, ಹೀಗೆ ಮೂರು ಸಲ ನೋಡಿ ನಿರ್ಣಯಿಸಬೇಕು.

ಮೂರನೆಯದಾದ ಗೋಡೆಯನ್ನು ಇಂದು ಕೇಳುವವರು ವಿರಳ. ಮಣ್ಣಿನ ಅಥವಾ ಸುಣ್ಣದ ಗಾರೆಯ ಹಳೆಯ ಗೋಡೆಗೆ ಪ್ಲಾಸ್ಟಿಕ್ ಬಣ್ಣ ಹೊಡೆದರೆ ನೆಲದ ತೇವ ಹೊರಹೋಗುವ ದಾರಿ ಮುಚ್ಚಿಹೋಗಿ, ಕೆಲವೇ ಮಳೆಗಾಲಗಳಲ್ಲಿ ಬಣ್ಣ ಬೊಬ್ಬೆಯೆದ್ದು ಗಾರೆಯ ಸಮೇತ ಕಳಚುತ್ತದೆ. ಅಂಥ ಗೋಡೆಗೆ ಸುಣ್ಣವೇ ಯೋಗ್ಯ. ಇನ್ನು ಹಳೆಯ ಎಣ್ಣೆಬಣ್ಣದ ಬಾಗಿಲುಗಳ ವಿಷಯ ಇದಕ್ಕಿಂತ ಗುರುತರವಾದುದು. ಅವುಗಳಲ್ಲಿ ಸೀಸವಿದೆಯೆಂದೇ ಭಾವಿಸಿ ನಡೆಯುವುದು ಕ್ಷೇಮ. ಪದರ ಗಟ್ಟಿಯಾಗಿದ್ದರೆ ಅದರ ಮೇಲೆಯೇ ಹೊಸ ಬಣ್ಣ ಹಚ್ಚಬಹುದು. ಉಜ್ಜಲೇಬೇಕಾದರೆ ಒಣಗಿದ್ದಾಗ ಉಜ್ಜದೆ ನೀರಿನಿಂದ ನೆನೆಸಿ ಉಜ್ಜಬೇಕು. ಮಕ್ಕಳನ್ನೂ ಗರ್ಭಿಣಿಯರನ್ನೂ ದೂರವಿರಿಸಬೇಕು. ಪುಡಿಯನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರಸಿ ತೆಗೆಯಬೇಕು. ಮಗುವಿನ ಮೆದುಳಿಗೆ ನಿರಪಾಯಕರವೆನ್ನಬಹುದಾದ ಸೀಸದ ಪ್ರಮಾಣವೊಂದು ಈವರೆಗೆ ಕಂಡುಬಂದಿಲ್ಲ.

೬

ಈ ಕೊನೆಯ ಸಂಗತಿಯನ್ನು ಓದುತ್ತಿದ್ದಾಗ ನಮಗೆ ಆ ಹಳ್ಳಿಯ ಪಡಸಾಲೆ ಕಣ್ಣಿಗೆ ಕಟ್ಟಿತು. ನಾವು ಕಾಫಿ ಕುಡಿಯುತ್ತ ಕುಳಿತಿದ್ದಾಗ ಇಬ್ಬರು ಹುಡುಗರು ಹಳೆಯ ಹಸಿರು ಬಾಗಿಲೊಂದನ್ನು ಉಪ್ಪುಕಾಗದದಿಂದ ಉಜ್ಜುತ್ತಿದ್ದರು. ಹಸಿರು ಪುಡಿ ಕೆಂಪು ನೆಲದ ಮೇಲೆ ತೆಳುವಾಗಿ ಹರಡಿತ್ತು. ಮನೆಯ ಮಗುವೊಂದು ಅದರಲ್ಲಿಯೇ ಅಂಬೆಗಾಲಿಡುತ್ತ, ಕೈಯನ್ನು ಬಾಯಿಗಿಡುತ್ತಿದ್ದಿತು. ಅದನ್ನು ನಾವು ಕಂಡಿದ್ದೆವು. ಕಂಡರೂ ಅದರ ಅರ್ಥ ನಮಗಾಗಿರಲಿಲ್ಲ. ಬಾಗಿಲ ಬಳಿ ಗಾರೆ ಕಿತ್ತುಬಂದ ಕಡೆ ಏಳು ಪದರಗಳನ್ನು ಎಣಿಸಿ, ಬಿಳಿ, ನೀಲಿಬಿಳಿ, ತಿಳಿಹಸಿರು ಎಂದು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳುವುದರಲ್ಲಿ ನಾವು ಮಗ್ನರಾಗಿದ್ದೆವು.

ಅಂದು ಸಂಜೆಯೇ ದೂರವಾಣಿಯ ಮೂಲಕ ಆ ಹಿರಿಯರಿಗೆ ವಿಷಯ ತಿಳಿಸಿದೆವು. ಅವರು ಕೆಲಸ ನಿಲ್ಲಿಸಿದರು. ಮಗುವನ್ನು ತಾಯಿಯೊಡನೆ ಪಕ್ಕದ ಮನೆಗೆ ಕಳುಹಿಸಿ ನೆಲವನ್ನೆಲ್ಲ ಒದ್ದೆ ಬಟ್ಟೆಯಿಂದ ಒರಸಿಸಿದರು. ವೈದ್ಯರಿಗೂ ತೋರಿಸುವುದಾಗಿ ಹೇಳಿದರು. ಬಣ್ಣದ ವಿಚಾರದಲ್ಲಿಯೂ ನಮ್ಮ ಮೊದಲಿನ ಸಲಹೆಯನ್ನು ಹಿಂತೆಗೆದುಕೊಂಡು, ಗೋಡೆ ಸುಣ್ಣದ್ದಾದುದರಿಂದ ಸುಣ್ಣವೇ ಲೇಸೆಂದೆವು. “ನಮ್ಮಜ್ಜಿ ಮಾಡ್ತಿದ್ದುದೂ ಅದೇ ಅಲ್ಲವೇ?” ಎಂದು ಅವರು ನಕ್ಕರು. ಪಡಸಾಲೆಗೆ ಬಿಳಿಯೂ ಬುಡಕ್ಕೆ ಕಾರಣೆಯೂ ಆದುವು. ನಮ್ಮ ಕೋರಿಕೆಯಂತೆ ಬಾಗಿಲ ಹಿಂದೆ ಗೇಣಗಲದ ಜಾಗವನ್ನು ಬಳಿಯದೆ ಬಿಟ್ಟಿದ್ದಾರೆ. ಶಾಸನವಿಲ್ಲದ ಮನೆತನಗಳಿಗೆ ಗೋಡೆಯ ಪದರಗಳೇ ದಾಖಲೆ. ನಮ್ಮ ವಿದ್ಯಾರ್ಥಿಗಳು ತಂತಮ್ಮ ಊರಿನ ಮನೆಗಳಿಗೆ ಬಣ್ಣ ಹೊಡೆಸುವ ಮುನ್ನ ಅಂಥದೊಂದು ಗೇಣನ್ನು ಉಳಿಸಿಕೊಂಡು, ಯಾವ ಕೋಣೆಯಲ್ಲಿ ಯಾವ ಪದರವಿದ್ದಿತೆಂಬುದನ್ನು ಹಿರಿಯರಿಂದ ಕೇಳಿ ಬರೆದಿಟ್ಟರೆ, ನಾಡಿನ ಗೃಹಜೀವನದ ಚರಿತ್ರೆಗೆ ಬಹಳ ಉಪಕಾರವಾದೀತು. ಆದರೆ ಪದರಗಳನ್ನು ಎಣಿಸುವುದಕ್ಕೆ ಮುನ್ನ ನೆಲದ ಮೇಲೆ ಮಗುವಿದೆಯೇ ಎಂಬುದನ್ನು ಅವರು ನೋಡಿಕೊಳ್ಳಲಿ.